ದುಂಡವ್ವನ ನಾಲಿಗೆ

ಟಿಕೋಟಾದ ಶಿವಯೋಗೆಪ್ಪನ ಮನೆಯಲ್ಲಿ ಅಡುಗೆ ಎಂದರೆ ದುಂಡವ್ವ. ಗಂಡ ತೀರಿದ ವರ್ಷವೇ ತಮ್ಮನ ಮನೆಗೆ ಬಂದವಳು ಇಪ್ಪತ್ತು ವರ್ಷ ಒಲೆಯ ಮುಂದಿನಿಂದ ಕದಲಿರಲಿಲ್ಲ. ಊರಲ್ಲಿ ಯಾರ ಮನೆಯ ಲಗ್ನವಾದರೂ ಎಣ್ಣೆಗಾಯಿಗೆ ಮಸಾಲೆ ಕಲಸಲು ಅವಳೇ ಬೇಕು. ತಮ್ಮನ ಹೆಂಡತಿ ರುದ್ರವ್ವ ದನ, ತೋಟ ನೋಡಿಕೊಂಡು ಒಲೆಯನ್ನು ನಾದಿನಿಗೇ ಬಿಟ್ಟಿದ್ದಳು. ಕೈರುಚಿ ಇರುವವರೆಗೆ ತಾನು ಯಾರಿಗೂ ಭಾರವಲ್ಲ ಎಂಬ ಧೈರ್ಯದ ಮೇಲೆ ದುಂಡವ್ವ ತಲೆಯೆತ್ತಿ ಬದುಕಿದ್ದಳು.

ನಲವತ್ತಾರನೆಯ ಇಸವಿಯ ಚಳಿಯಲ್ಲಿ ಬಂದ ಜ್ವರ ಇಪ್ಪತ್ತೊಂದು ದಿನ ಕಾಡಿತು. ಎದ್ದು ಕೂತು ಗಂಜಿ ಕುಡಿದರೆ ನಾಲಿಗೆಗೆ ಏನೂ ಹತ್ತಲಿಲ್ಲ. ಮೆಣಸಿನಕಾಯಿ ಸುಡುತ್ತಿತ್ತು, ಅಷ್ಟೇ. ಉಪ್ಪು, ಹುಳಿ, ಬೆಲ್ಲ ಎಲ್ಲ ಮಣ್ಣು. ಇವತ್ತಲ್ಲ ನಾಳೆ ಬಂದೀತೆಂದು ಕಾದಳು. ಯಾರಿಗೂ ಹೇಳಲಿಲ್ಲ. ಕೈಯಂದಾಜಿನಲ್ಲಿ ಉಪ್ಪು ಹಾಕಿ, ಉಣ್ಣುವವರ ಮುಖ ನೋಡಿ ಹೆಚ್ಚುಕಡಿಮೆ ತಿಳಿದುಕೊಳ್ಳುತ್ತ ನಾಲ್ಕು ತಿಂಗಳು ದೂಡಿದಳು.

ವೈಶಾಖದಲ್ಲಿ ವಿಜಾಪುರದ ಬೀಗರು ಬಸಗೊಂಡಪ್ಪ ಹೇಳಿಕಳಿಸಿದರು. ಶಿವಯೋಗೆಪ್ಪನ ಮಗಳು ಗೌರಾಬಾಯಿ ಅವರ ಸೊಸೆ, ಏಳು ತಿಂಗಳ ಬಸುರಿ. ಅವಳನ್ನು ಕರೆದುಕೊಂಡು ಭೂತನಾಳ ಕೆರೆಗೆ ಬರುತ್ತೇವೆ, ನೀವೂ ಬನ್ನಿ, ಎರಡು ದಿನ ನೀರಿನ ತಂಪಿನಲ್ಲಿ ಕೂಡಿ ಇರೋಣ ಎಂದು.

ಹೊರಡುವ ಹಿಂದಿನ ಸಂಜೆ ತೋಟದಲ್ಲಿದ್ದುದನ್ನೆಲ್ಲ ಹರಿದು ತಂದರು. ಬದನೆ, ಮೆಂತ್ಯೆ ಸೊಪ್ಪು, ಒಂದು ಬುಟ್ಟಿ ಹೀರೇಕಾಯಿ. ಬಾವಿ ಬತ್ತುತ್ತ ಬಂದು ಬಳ್ಳಿಗೆ ನೀರು ಸಾಲದಾಗಿತ್ತು. ಅಂಥ ಬಳ್ಳಿಯಲ್ಲಿ ನಾಲ್ಕಾರು ಕಾಯಿ ಕಹಿಯಾಗಿರುತ್ತವೆ, ತಿಂದವರ ಹೊಟ್ಟೆ ಕೆಡಿಸುತ್ತವೆ. ಅದಕ್ಕೇ ದುಂಡವ್ವ ಪ್ರತಿಯೊಂದರ ತುದಿ ಕಡಿದು ನೋಡಿಯೇ ಹೆಚ್ಚುತ್ತಿದ್ದವಳು. ಕೋಳಿ ಕೂಗುವ ಹೊತ್ತಿಗೆ ಒಲೆ ಹೊತ್ತಿಸಿ ಒಂದು ಕಾಯಿ ಕಡಿದಳು. ಕಾಯಿಯ ನೀರು ಬಾಯಿಗೆ ಬಂತು, ರುಚಿ ಬರಲಿಲ್ಲ. ಅಂಗಳದಲ್ಲಿ ರುದ್ರವ್ವ ಗಾಡಿಗೆ ಹುಲ್ಲು ಹಾಸುತ್ತಿದ್ದಳು. ಒಂದು ಮಾತು ಕರೆದಿದ್ದರೆ ಸಾಕಿತ್ತು. ಇಷ್ಟು ದಿನ ನಡೆದಿದೆ, ಇವತ್ತೂ ನಡೆದೀತು ಎಂದುಕೊಂಡು ಕಾಯಿಗಳನ್ನೆಲ್ಲ ಹೆಚ್ಚಿ ಒಗ್ಗರಣೆಗೆ ಸುರಿದಳು. ದಾರಿಯುದ್ದಕ್ಕೂ ಪಲ್ಯದ ಪಾತ್ರೆಯನ್ನು ತೊಡೆಗೆ ಒತ್ತಿ ಹಿಡಿದು ಕೂತಳು.

ಕೆರೆಯ ದಂಡೆಯ ಬೇವಿನ ನೆರಳಲ್ಲಿ ಬಸುರಿಗೆ ಮೊದಲು ಬಡಿಸಬೇಕೆಂದು ಬೀಗತಿ ಹೇಳಿದರು. ಗೌರಾಬಾಯಿ ರೊಟ್ಟಿ ಮುರಿದು ಹೀರೇಕಾಯಿ ಪಲ್ಯ ಬಾಯಿಗಿಟ್ಟಳು. ಅವಳ ಕಣ್ಣು ಒಂದು ಗಳಿಗೆ ಮುಚ್ಚಿಕೊಂಡಿತು. ಅತ್ತೆ-ಮಾವಂದಿರ ಕಡೆ ನೋಡಿದಳು, ನುಂಗಿದಳು, ಇನ್ನೊಂದು ತುತ್ತು ಮುರಿದಳು. ನಾಲ್ಕು ತಿಂಗಳು ಮುಖ ಓದುತ್ತ ಬಂದ ದುಂಡವ್ವನಿಗೆ ಮತ್ತೇನೂ ಕೇಳಬೇಕಾಗಿರಲಿಲ್ಲ. ಹುಡುಗಿ ತನ್ನ ಮಾನ ಕಾಯಲು ಆ ಕಹಿ ತಿನ್ನುತ್ತಿದ್ದಾಳೆ, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು.

ದುಂಡವ್ವ ಎದ್ದು ಹೋಗಿ ತಾಟು ಕಿತ್ತುಕೊಂಡಳು.

"ತಿನಬ್ಯಾಡವ್ವ. ಕಹಿ ಐತಿ ಅದು. ಯಾರೂ ತಿನಬ್ಯಾಡ್ರಿ." ಬೀಗರ ಕಡೆ ತಿರುಗಿದಳು. "ಜ್ವರ ಬಂದಾಗಿಂದ ನನಗ ರುಚಿ ತಿಳಿಯಂಗಿಲ್ರಿ. ಮುಚ್ಚಿಟ್ಟಿದ್ನಿ."

ಬಸಗೊಂಡಪ್ಪ ಕೈ ತೊಳೆದುಕೊಂಡು ಎದ್ದುಹೋದರು. ಗೌರಾಬಾಯಿ ಎರಡು ಸಲ ವಾಂತಿ ಮಾಡಿದಳು. ಮಜ್ಜಿಗೆ ಕುಡಿಸಿ ಮಲಗಿಸಿದರು. ಕೂಸು ಒದೆಯಿತೆಂದು ಅವಳು ಹೇಳುವವರೆಗೆ ದುಂಡವ್ವ ಕೆರೆಯ ಕಡೆ ಮುಖ ಮಾಡಿ ಕೂತಿದ್ದಳು. ರುದ್ರವ್ವ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ನನಗರ ಒಂದ್ ಮಾತು ಹೇಳಬಾರದಾಗಿತ್ತೇನಕ್ಕಾ? ನಾ ಕಡದು ನೋಡತಿದ್ನಿ."

"ಹೇಳಿದ್ರ ಒಲಿ ಬಿಡಬೇಕಾಗತಿತ್ತು," ಎಂದಳು ದುಂಡವ್ವ.

ರುದ್ರವ್ವ ಎದ್ದು ಪಲ್ಯದ ಪಾತ್ರೆಯನ್ನು ತಾನೇ ಎತ್ತಿಕೊಂಡಳು.

ಶ್ರಾವಣದಲ್ಲಿ ಗೌರಾಬಾಯಿ ಗಟ್ಟಿಮುಟ್ಟಾದ ಹೆಣ್ಣುಕೂಸು ಹೆತ್ತಳು. ದುಂಡವ್ವನ ನಾಲಿಗೆ ಮರಳಲಿಲ್ಲ. ಸುದ್ದಿ ಊರೆಲ್ಲ ಹರಡಿ ಲಗ್ನದ ಕರೆಗಳು ನಿಂತವು. ಮನೆಯ ಒಲೆ ರುದ್ರವ್ವನದಾಯಿತು. ಕೈ ಸುಮ್ಮನಿರಲಾರದೆ ದುಂಡವ್ವ ದಿನವೂ ರೊಟ್ಟಿ ಬಡಿದಳು; ರೊಟ್ಟಿ ಬಡಿಯಲು ಕೈ ಸಾಕು. ಪಲ್ಯಕ್ಕೆ ಉಪ್ಪು ಹಾಕುವ ಹೊತ್ತಿಗೆ ಮಾತ್ರ ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು.