ತಿರುಮಲೇಶನ ಇನ್ವರ್ಟರು, ಕಾಂತಪ್ಪಣ್ಣನ ತಂತಿ

ಮುಂಬಯಿಯ ಕಾಂದಿವಲಿಯ ಕಾರ್ಖಾನೆಯಲ್ಲಿ ರೇಡಿಯೋಗಳಿಗೆ ಬೆಸುಗೆ ಹಾಕುವ ತಿರುಮಲೇಶ ತನ್ನನ್ನು ಇಂಜಿನಿಯರ್ ಎಂದೇ ನಂಬಿದ್ದ. ಹಾಗೆ ನಂಬಿದವನು ಅವನೊಬ್ಬನೇ.

ಸ್ಟೇಷನ್ ದಾರಿಯ ಹೋಟೆಲಿನ ಯಜಮಾನ ಕಾಂತಪ್ಪಣ್ಣ, ದುಬೈಯಿಂದ ತಮ್ಮ ಬಾವ ತಂದ, ಕರೆಂಟು ಹರಿದರೆ ಉದ್ದಕ್ಕೂ ಹೊಳೆಯುವ ತಂತಿಯನ್ನು ಹೋಟೆಲಿನ ಹೆಸರಿನ ಬೋರ್ಡಿಗೆಂದು ಅವನ ಕೈಗೆ ಕೊಟ್ಟರು. ತಿರುಮಲೇಶ ಹಳೇ ಟ್ರಾನ್ಸ್‌ಫಾರ್ಮರನ್ನು ಉಲ್ಟಾ ಜೋಡಿಸಿ, ಬೆಳಕು ಏರಿಸಿ ಇಳಿಸುವ ಗುಂಡಿಯಿಟ್ಟು, ಆ ತಂತಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಕೊಡುವ ಇನ್ವರ್ಟರ್ ಕಟ್ಟಿದ. ಅವನ ಚಾಳಿನ ಕತ್ತಲೆ ಕೋಣೆಯಲ್ಲಿ ತಂತಿ ನೀಲಿಯಾಗಿ ಹೊಳೆಯಿತು. ಹೋಟೆಲಿನ ಟ್ಯೂಬ್‌ಲೈಟಿನಡಿ ಕಾಣಲೇ ಇಲ್ಲ.

“ಏರಿಸು ಮಾರಾಯಾ, ಇನ್ನೂ ಏರಿಸು!” ಎಂದರು ಕಾಂತಪ್ಪಣ್ಣ.

ಏರಿಸಿದ. ತಂತಿ ಝಗ್ಗೆಂದಿತು, ಗಿರಾಕಿಗಳು ಚಪ್ಪಾಳೆ ತಟ್ಟಿದರು. ಇಷ್ಟು ಏರಿಸಿದರೆ ತಂತಿ ವಾರದೊಳಗೆ ಸಾಯುತ್ತದೆಂದು ಬಲ್ಲವನೂ ಅವನೊಬ್ಬನೇ. ಇಳಿಸಲು ಕೈ ಚಾಚಿದ.

“ನೋಡಿ, ನಮ್ಮ ಇಂಜಿನಿಯರ್!” ಎಂದರು ಕಾಂತಪ್ಪಣ್ಣ.

ಕೈ ಹಿಂದಕ್ಕೆ ಬಂತು. ಮರುದಿನದಿಂದ ಅವನು ಹೋಟೆಲಿನ ಮುಂದೆ ಹಾಯದೆ, ಸ್ಟೇಷನ್ನಿಗೆ ಹಿಂದಿನ ಗಲ್ಲಿಯಿಂದ ಹೋಗತೊಡಗಿದ.