ಸೆಲ್ವಿಯ ತಟ್ಟೆ, ನನ್ನ ನೋಟೀಸು

ಟಣ್ ಟಣ್ ಟಣ್! ತಟ್ಟೆಗೆ ಸೌಟು ಬಡಿದ ಆ ಸದ್ದು ಇನ್ನೂ ಕಿವಿಯಲ್ಲಿದೆ. ಮಡಿಕೇರಿಯ ನಮ್ಮ ಬಡಾವಣೆಯ ಕಮ್ಯುನಿಟಿ ಗಾರ್ಡನ್ನಿಗೆ ಯಾರು ಯಾವಾಗ ನೀರು ಹಾಕಬೇಕೆಂದು ನಾನು ನೀಟಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಗೇಟಿಗೆ ಅಂಟಿಸಿದ್ದೆ. ಯಾರೂ ಬರಲಿಲ್ಲ. ಎಲ್ಲರ ಬೀನ್ಸೂ ಬಾಡತೊಡಗಿತ್ತು. ಆ ಬೆಳಿಗ್ಗೆ, ಕಾಫಿ ಎಸ್ಟೇಟಿನ ಕೂಲಿ ಕೆಲಸ ಬಿಟ್ಟು ಬಂದು ಪಕ್ಕದ ಮನೆಯಲ್ಲಿದ್ದ ಸೆಲ್ವಿ, ಅಲ್ಲಿ ಬೆಳಗಿನ ಹಾಜರಿಗೆ ಆಳುಗಳನ್ನು ಕರೆಯುತ್ತಿದ್ದಂತೆಯೇ ತಟ್ಟೆ ಬಡಿಯುತ್ತಾ ಬೀದಿಗಿಳಿದಳು.

“ಎಲ್ಲಾರೂ ಬನ್ನಿ, ಮಸ್ಟರು! ಲೇಟಾದ್ರೆ ಅರ್ಧ ಹಾಜರಿ!”

ರಿಟೈರ್ಡ್ ಡಾಕ್ಟರು ಬರಿಗಾಲಲ್ಲೇ ಬಕೆಟ್ ಹಿಡಿದು ಓಡಿಬಂದರು.

“ನಿಮ್ಮ ನೋಟೀಸಿಗೆ ಕನ್ನಡಕ ಬೇಕಮ್ಮಾ, ಇದಕ್ಕೆ ಕಿವಿ ಸಾಕು” ಎಂದು ಸೆಲ್ವಿ ನಕ್ಕಳು. ಬೀನ್ಸ್ ಚಿಗುರಿತು.

ಮಳೆಗಾಲಕ್ಕೆ ಮುಂಚೆ ಅವಳು ಸುಂಟಿಕೊಪ್ಪದ ಮಗಳ ಮನೆಗೆ ಹೊರಟಳು. ತಟ್ಟೆ, ಸೌಟು ನನ್ನ ಕೈಗಿತ್ತು ಬಸ್ ಹತ್ತಿದಳು. ನಾನು ಕಾನ್ವೆಂಟ್ ಹುಡುಗಿಯಂತೆ ಮೆಲ್ಲಗೆ ಒಮ್ಮೆ ತಟ್ಟಿದೆ. “ಜೋರಾಗಿ, ಜೋರಾಗಿ!” ಎಂದು ಕಿಟಕಿಯಿಂದ ಕೈ ಬೀಸಿದಳು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.