ಅತ್ತೆಯ ಪಿಂಚಣಿ ಕಾರ್ಡು

ಬೀದಿಯವರು ಅವಳನ್ನು ಕಾಜಕ್ಕ ಅನ್ನುತ್ತಾರೆ. ರೆಡಿಮೇಡ್ ಅಂಗಡಿಯ ಅಂಗಿಗಳನ್ನು ಮನೆಗೆ ತಂದು, ಕಾಜಾ ಹೊಲಿದು, ಗುಂಡಿ ಹಚ್ಚಿ ಕೊಡುವವಳು. ಅದು ಅವಳ ಕೆಲಸವೆಂದು ಎಲ್ಲರಿಗೂ ಗೊತ್ತು, ಅದಕ್ಕೆ ಕೂಲಿ ಸಿಗುತ್ತದಲ್ಲ. ಸೊಂಟ ಮುರಿದುಕೊಂಡು ಮಂಚ ಹಿಡಿದಿರುವ ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಬೆನ್ನು ಒರೆಸುವುದು, ತುತ್ತು ಮಾಡಿ ತಿನ್ನಿಸುವುದು, ದಿನಾ ಹಾಸಿಗೆಯ ಬಟ್ಟೆ ಒಗೆಯುವುದು, ಇವಕ್ಕೆ ಹೆಸರಿಲ್ಲ. ಯಾರಾದರೂ ಕೇಳಿದರೆ ಮೈದುನ, "ಅತ್ತಿಗೆ ಮನೇಲೇ ಇರ್ತಾರಲ್ಲ" ಅನ್ನುತ್ತಾನೆ.

ಗಂಡ ತೀರಿಕೊಂಡ ಮೇಲೆ ಮನೆ ನಡೆಯುವುದು ಕಾಜಾ ಕೂಲಿಯಿಂದ ಮತ್ತು ಅತ್ತೆಗೆ ಸರ್ಕಾರ ಕೊಡುವ ಪಿಂಚಣಿಯಿಂದ. ಹಣ ಬ್ಯಾಂಕಿಗೆ ಬೀಳುತ್ತದೆ, ಮೆಷಿನ್ನಿಗೆ ಕಾರ್ಡು ಹಾಕಿ ತೆಗೆಯಬೇಕು. ಮೊದಲು ಆ ಕಾರ್ಡು ಮೈದುನನ ಜೇಬಿನಲ್ಲಿತ್ತು. ಅವನಿರುವುದು ಊರಿನ ಇನ್ನೊಂದು ಮೂಲೆಯಲ್ಲಿ. ಅತ್ತೆಯ ಮಾತ್ರೆ ಮುಗಿದರೂ ಅವನಿಗೆ ಫೋನು ಮಾಡಿ, ಅವನ ಪುರುಸೊತ್ತು ಕಾಯಬೇಕಿತ್ತು. ಕಾಜಕ್ಕ ಜಗಳ ಆಡಿಯೇ ಅದನ್ನು ತನ್ನ ಕೈಗೆ ತಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಅವಳು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಒದ್ದೆ ಹೊದಿಕೆಯೊಂದನ್ನು ಹಿಂಡಲು ಹೆಣಗುತ್ತಿದ್ದಾಗ ಒಬ್ಬ ಹೆಂಗಸು ಬಂದು ನಿಂತಳು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಚೀಲ.

"ಪಿಂಚಣಿ ಆಫೀಸಿಂದ ಅಕ್ಕ" ಅಂದವಳು, ಹೆಚ್ಚು ಮಾತಾಡದೆ ಚೀಲ ಕೆಳಗಿಟ್ಟು ಹೊದಿಕೆಯ ಇನ್ನೊಂದು ತುದಿ ಹಿಡಿದಳು. "ಒಬ್ಬರೇ ಹಿಂಡೋ ಬಟ್ಟೇನಾ ಇದು? ತಿರುಚಿ ನೀವು."

ಇಬ್ಬರೂ ತಿರುಚಿದರು. ನೀರು ಧಾರಾಕಾರವಾಗಿ ಇಳಿಯಿತು. ಇಷ್ಟು ವರ್ಷದಲ್ಲಿ ಆ ತುದಿಯನ್ನು ಯಾರೂ ಹಿಡಿದಿರಲಿಲ್ಲ. ಮೈದುನ ಬಂದರೆ ಒದ್ದೆ ಬಟ್ಟೆ ದಾಟಿಕೊಂಡು ಒಳಗೆ ಹೋಗಿ ಕೂರುತ್ತಿದ್ದ. ಕಾಜಕ್ಕನ ಮನಸ್ಸು ಬೆಣ್ಣೆಯಾಯಿತು.

"ಹಳೇ ಕಾರ್ಡು ಇನ್ಮೇಲೆ ನಡೆಯಲ್ಲ ಅಕ್ಕ. ನಿಮ್ಮಂಥವರು ಕೆಲಸ ಬಿಟ್ಟು ಸಾಲಲ್ಲಿ ನಿಲ್ಲೋದು ಬೇಡ ಅಂತ ನಾವೇ ಮನೆಗೆ ಬರ್ತಿದೀವಿ. ಹಳೇದು ಕೊಡಿ, ಹೊಸದು ಈ ಲಕೋಟೇಲಿದೆ. ವಾರ ಬಿಟ್ಟು ಒಡೀರಿ, ಅಷ್ಟರಲ್ಲಿ ಚಾಲೂ ಆಗಿರುತ್ತೆ. ಪಿನ್ ಹೇಳಿ, ಇದಕ್ಕೂ ಅದನ್ನೇ ಹಾಕಿಸ್ತೀನಿ. ಇನ್ನೊಂದು ನಂಬರು ನೆನಪಿಟ್ಟುಕೊಳ್ಳೋ ತಲೆನೋವು ನಿಮಗ್ಯಾಕೆ?"

ಕಾಜಕ್ಕ ಕಾರ್ಡೂ ಕೊಟ್ಟಳು, ಪಿನ್ನೂ ಹೇಳಿದಳು. ಕೂತು ಹೋಗಿ ಅಂತಲೂ ಕರೆದಳು. "ಇನ್ನೂ ಎಷ್ಟೋ ಮನೆ ಇವೆ ಅಕ್ಕ" ಎನ್ನುತ್ತಾ ಅವಳು ಹೊರಟುಹೋದಳು.

"ಯಾರೇ ಅದು?" ಒಳಗಿನಿಂದ ಅತ್ತೆ ಕೇಳಿದರು.

"ಪಿಂಚಣಿಯವರು ಅತ್ತೆ. ಒಳ್ಳೇ ಹೆಂಗಸು ಪಾಪ."

"ಮತ್ತೆ ನನ್ನ ನೋಡದೆ ಹೋದಳಾ?"

"ನಿಮ್ಮನ್ನೇನು ನೋಡೋದು?"

"ವರ್ಷಾ ವರ್ಷಾ ನಾನು ಬದುಕಿದೀನಿ ಅಂತ ತೋರಿಸೋಕೆ ಆಟೋದಲ್ಲಿ ಮೂಟೆ ಥರ ಹೊತ್ತುಕೊಂಡು ಹೋಗ್ತೀಯ. ಮನೆ ಬಾಗಿಲಿಗೇ ಬಂದವಳು ಮುದುಕಿ ಇದಾಳೋ ಹೋದಳೋ ಅಂತ ಇಣುಕಿ ಕೂಡ ನೋಡಲಿಲ್ಲ. ಅದೆಂಥಾ ಪಿಂಚಣಿಯವಳೇ?"

ಕಾಜಕ್ಕ ತಕ್ಷಣ ಲಕೋಟೆ ಹರಿದಳು. ಒಳಗೆ ಯಾರೋ ಗಂಡಸಿನ ಹೆಸರಿದ್ದ, ಅವಧಿ ಮುಗಿದ ಹಳೇ ಕಾರ್ಡು.

ಬ್ಯಾಂಕಿಗೆ ಓಡಿದರೆ ವಿಷಯ ಬೀದಿಗೆಲ್ಲ ಗೊತ್ತಾಗುತ್ತದೆ, ಬಾಯಿಂದ ಬಾಯಿಗೆ ಹೋಗಿ ಮೈದುನನ ಕಿವಿಗೂ ಬೀಳುತ್ತದೆ. ಆಮೇಲೆ ಕಾರ್ಡು ಅವನ ಜೇಬಿಗೇ. ಈ ಸಲ ಪಿಂಚಣಿ ತಡ ಅಂತ ಹೇಳಿ ಹೇಗೋ ತೇಪೆ ಹಾಕಬಹುದಿತ್ತು, ನಾಲ್ಕು ಅಂಗಿ ಹೆಚ್ಚಿಗೆ ಹೊಲಿದು. ಆ ಸುಳ್ಳು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಹೆಂಗಸು ಈಗ ಪಕ್ಕದ ಸಾಲಿನ ಯಾವ ಬಾಗಿಲಲ್ಲಿ ನಿಂತಿದ್ದಾಳೋ.

ಅವಳು ಚಪ್ಪಲಿ ಮೆಟ್ಟಿ, ಬ್ಯಾಂಕಿನ ದಾರಿಯುದ್ದಕ್ಕೂ ಒಂದೊಂದು ಬಾಗಿಲಿಗೂ ಹೇಳುತ್ತಾ ಹೋದಳು. "ಪಿಂಚಣಿಯವಳು ಅಂತ ಬಂದ್ರೆ ಕಾರ್ಡು ಕೊಡಬೇಡಿ, ಪಿನ್ ಹೇಳಬೇಡಿ. ನಾನು ಕೊಟ್ಟು ಕೈ ಸುಟ್ಟುಕೊಂಡೆ."

ತಳ್ಳುಗಾಡಿಯಲ್ಲಿ ತರಕಾರಿ ಮಾರುವವಳು ತಕ್ಕಡಿ ಬಿಟ್ಟು ಹತ್ತಿರ ಬಂದಳು. "ಹೋದ ತಿಂಗಳು ನನಗೂ ಇದೇ ಆಯ್ತು. ಗಂಡ ಬಯ್ತಾನೆ ಅಂತ ಬಾಯಿ ಹೊಲ್ಕೊಂಡು ಕೂತೆ" ಎಂದು ಮೆಲ್ಲಗೆ ಹೇಳಿ, ಗಾಡಿಯನ್ನು ಅಲ್ಲೇ ಬಿಟ್ಟು ಅವಳ ಜೊತೆ ಹೊರಟಳು.

ಬ್ಯಾಂಕಿನ ಹುಡುಗಿ ಕಾರ್ಡು ನಿಲ್ಲಿಸಿದಳು. ಅಷ್ಟರಲ್ಲಿ ಆ ತಿಂಗಳ ಹಣ ಹೋಗಿತ್ತು. "ನಮ್ಮವರು, ಆಫೀಸಿನವರು ಯಾರೂ ಕಾರ್ಡು ಇಸ್ಕೊಳ್ಳೋಕೆ ಮನೆಗೆ ಬರಲ್ಲ ಅಮ್ಮ. ಪಿನ್ ನನಗೂ ಹೇಳಬಾರದು" ಎಂದು, ಪೊಲೀಸರಿಗೆ ದೂರು ಕೊಡಲು ಕಳಿಸಿದಳು. ಇಬ್ಬರೂ ಒಟ್ಟಿಗೇ ದೂರು ಕೊಟ್ಟು ಬಂದರು.

ಸಂಜೆಯೇ ಮೈದುನ ಹಾಜರು.

"ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು ಅತ್ತಿಗೆ? ಹೊಸ ಕಾರ್ಡು ಬಂದ್ಮೇಲೆ ನನ್ನ ಹತ್ರಾನೇ ಇರಲಿ."

ಕಾಜಕ್ಕ ಅಂಗಿಯಿಂದ ತಲೆ ಎತ್ತಲಿಲ್ಲ. "ಇರಲಿ ಬಿಡಪ್ಪ. ಕಾರ್ಡು ಒಯ್ಯೋ ದಿನ ಅಮ್ಮನ್ನೂ ಕರ್ಕೊಂಡು ಹೋಗು. ಎರಡೂ ಒಂದೇ ಕಡೆ ಇದ್ರೆ ಅನುಕೂಲ."

"ಮೋಸ ಹೋದವರು ನೀವು, ಮಾತು ಮಾತ್ರ ನನಗೆ."

"ಹೋದೆ, ಇಲ್ಲ ಅನ್ನಲ್ಲ. ಕೈ ಜೋಡಿಸೋಕೆ ಬಂದವಳು ಒಳ್ಳೆಯವಳೇ ಇರ್ತಾಳೆ ಅಂದುಕೊಂಡೆ. ಈ ಮನೇಲಿ ಅದು ಅಭ್ಯಾಸ ಇಲ್ಲ ನೋಡು."

ಮೈದುನ ತಾಯಿಯ ಕಡೆ ನೋಡಿದ. ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದ ಅತ್ತೆ ಅಲ್ಲಿಂದಲೇ ಹೇಳಿದರು. "ದುಡ್ಡು ನಂದು. ನಾನಿನ್ನೂ ಇದೀನಿ. ಕಾರ್ಡು ಅವಳ ಹತ್ರ ಇರುತ್ತೆ."

ಹೊಸ ಕಾರ್ಡಿಗೆ ಪಿನ್ ಹಾಕುವ ದಿನ ಮೈದುನ ತಾನೂ ಬರುತ್ತೇನೆಂದು ಹಟ ಹಿಡಿದು ಜೊತೆಗೆ ಬಂದ. ಮೆಷಿನ್ನಿನ ಮುಂದೆ ಅವಳ ಭುಜದ ಮೇಲಿಂದ ಬಗ್ಗಿ ನಿಂತ. ಕಾಜಕ್ಕ ಕಾರ್ಡು ತೂರಿಸಿ ಸುಮ್ಮನೆ ನಿಂತಳು.

"ಸ್ವಲ್ಪ ಆ ಕಡೆ ತಿರುಗಪ್ಪ."

"ನಾನು ಮನೆಯವನು ಅತ್ತಿಗೆ."

"ಹೌದು. ತಿರುಗು."

ಹಿಂದೆ ಸಾಲಿನಲ್ಲಿದ್ದವರು ನೋಡುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು ರಸ್ತೆಯ ಕಡೆ ತಿರುಗಿದ. ಅವಳು ಎಡಗೈಯನ್ನು ಗುಂಡಿಗಳ ಮೇಲೆ ಮರೆಯಾಗಿ ಹಿಡಿದು, ಅತ್ತೆ ಕಿವಿಯಲ್ಲಿ ಹೇಳಿ ಕಳಿಸಿದ್ದ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು.